ನಾಳಿನ ನಿಷೇಧ, ಇಂದಿನ ವ್ರತ

ಐವತ್ತು ದಾಟಿದ ಯಾರನ್ನು ಕೇಳಿದರೂ ಕರಡಿ ಆಡಿಸುವವರ ನೆನಪು ಹೇಳುತ್ತಾರೆ. ಮೂಗಿಗೆ ಹಗ್ಗ ಪೋಣಿಸಿದ ಕರಡಿ ಬೀದಿಗೆ ಬಂದಿತೆಂದರೆ ಮನೆಮಂದಿಯೆಲ್ಲ ಜಗುಲಿಗೆ ಬರುತ್ತಿದ್ದರು. ನಿದ್ದೆಯಲ್ಲಿ ಬೆಚ್ಚಿಬೀಳುವ ಮಗುವನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆಂದು ನಂಬಿದ್ದರು. ಅದರ ಕೂದಲನ್ನು ತಾಯಿತದಲ್ಲಿ ತುಂಬಿ ಕಟ್ಟುತ್ತಿದ್ದರು. ಆಡಿಸಿದವನಾಗಲಿ, ಕಾಸು ಕೊಟ್ಟವರಾಗಲಿ, ನೋಡಿ ನಕ್ಕವರಾಗಲಿ ತಪ್ಪು ಮಾಡುತ್ತಿದ್ದೇವೆಂದು ಎಣಿಸಿರಲಿಲ್ಲ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನು ನಿಷೇಧಿಸಿತು. ಬೀದಿಯಿಂದ ಬಿಡಿಸಿ ತಂದ ಹಲವು ಕರಡಿಗಳು ಬನ್ನೇರುಘಟ್ಟದ ಆಶ್ರಯದಲ್ಲಿ ತಮ್ಮ ಮುದಿತನವನ್ನು ಕಳೆದವು.

ನಿತ್ಯದ ಸಂಗತಿ ಅಪರಾಧವಾಗಲು ಬಹಳ ಕಾಲ ಬೇಕಾಗಿಲ್ಲ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಚೇರಿಯ ಮೇಜಿನ ಮುಂದೆ ಬೀಡಿ ಸಿಗರೇಟು ಸೇದುವುದು ಮರ್ಯಾದಸ್ಥರ ರೂಢಿಯೇ ಆಗಿತ್ತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಅದಕ್ಕೆ ದೇಶಾದ್ಯಂತ ತಡೆ ಬಿತ್ತು. ಬಸದಿಯ ಸಂತರ್ಪಣೆಯಲ್ಲಿ ಒಮ್ಮೆ ಬಳಸಿ ಎಸೆಯುತ್ತಿದ್ದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ನಿಷಿದ್ಧ ವಸ್ತುಗಳಾದವು. ಹಾಗಾದರೆ ಇಂದು ನಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ನಡೆಯುತ್ತಿರುವ ಯಾವ ಕೆಲಸವನ್ನು ನಾಳಿನ ಮಕ್ಕಳು, ‘ಇದನ್ನು ಹೇಗೆ ಮಾಡುತ್ತಿದ್ದಿರಿ?’ ಎಂದು ಬೆರಗಾಗಿ ಕೇಳಬಹುದು? ಈ ಪ್ರಶ್ನೆಯನ್ನು ಜ್ಯೋತಿಷಿಗಳಿಗೆ ಬಿಡಬೇಕಾಗಿಲ್ಲ. ಶ್ರಾವಕಾಚಾರದ ಗ್ರಂಥಗಳನ್ನು ತೆರೆದರೆ ಉತ್ತರದ ಬಹುಭಾಗ ಅಲ್ಲಿಯೇ ಇದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ವ್ರತಗಳಿಗೆ ಮೀಸಲಾದುದು. ಗೃಹಸ್ಥನ ಅಹಿಂಸಾಣುವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ಅಲ್ಲಿ ಹೆಸರಿಸಲಾಗಿದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರಾಣಿಯನ್ನು ಬಿಗಿದು ಕಟ್ಟುವುದು, ಹೊಡೆಯುವುದು, ಕಿವಿ ಮೂಗು ಮೊದಲಾದ ಅಂಗಗಳನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೇರುವುದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು. ವಧ ಎಂಬ ಶಬ್ದಕ್ಕೆ ಇಲ್ಲಿ ಕೊಲ್ಲುವುದು ಎಂಬ ಅರ್ಥವಿಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು ಎಂದರ್ಥ. ಕೊಂದರೆ ವ್ರತವೇ ಮುರಿಯಿತಲ್ಲ!

ಈಗ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಹೊಡೆಯುವುದು, ಒದೆಯುವುದು, ಅತಿಯಾಗಿ ಹೊರಿಸುವುದು, ಅಲುಗಾಡಲಾಗದಂತೆ ಕೂಡಿಹಾಕುವುದು, ಬಹುಕಾಲ ಸರಪಳಿಯಲ್ಲಿ ಬಿಗಿಯುವುದು, ಅಂಗ ಊನಗೊಳಿಸುವುದು, ಒಡೆಯನಾದವನು ಆಹಾರ ನೀರು ನೆರಳು ಒದಗಿಸದಿರುವುದು. ಸೂತ್ರದ ಐದೂ ಅಲ್ಲಿವೆ. ಐದು ವರ್ಷಗಳ ತರುವಾಯ, 1965ರಲ್ಲಿ, ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿ ನಿಯಮಗಳು ಬಂದವು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ ಐದು ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೊಗ ಇಳಿಸಬೇಕು. ಅತಿಭಾರಾರೋಪಣ ಎಂಬ ಒಂದು ಸಮಾಸಪದ ಇಷ್ಟು ವಿವರವಾಗಿ ರಾಜ್ಯದ ನಿಯಮವಾಗಲು ಒಂದೂವರೆ ಸಾವಿರ ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು.

ಆದರೆ ಇದನ್ನು ಕಂಡು ಹೆಮ್ಮೆಪಟ್ಟು ಸುಮ್ಮನಾಗುವುದು ಸರಿಯಲ್ಲ. ಎರಡರ ನಡುವಿನ ಅಂತರವನ್ನೂ ಗಮನಿಸಬೇಕು. 1960ರ ಕಾಯಿದೆಯಂತೆ ಮೊದಲ ಅಪರಾಧಕ್ಕೆ ವಿಧಿಸಬಹುದಾದ ದಂಡ ಹತ್ತರಿಂದ ಐವತ್ತು ರೂಪಾಯಿ. ಬಸವಳಿದ ಎತ್ತಿನ ಬೆನ್ನ ಮೇಲಿನ ಬಾಸುಂಡೆಗೆ ಇಷ್ಟೇ ಬೆಲೆ. ಅದೂ ಯಾರಾದರೂ ಕಂಡು ದೂರು ಕೊಟ್ಟರೆ. ವ್ರತಿಗೆ ದೂರುವವರು ಬೇಡ. ಸಂಜೆಯ ಪ್ರತಿಕ್ರಮಣದಲ್ಲಿ ಅವನೇ ತನ್ನ ಮೇಲೆ ದೂರು ಹೇಳಿಕೊಳ್ಳುತ್ತಾನೆ, ಗುರುವಿನ ಮುಂದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತ ಬೇಡುತ್ತಾನೆ. ಹಸಿದ ಎಮ್ಮೆ ಒಂದು ಹೊತ್ತು ಕಾದದ್ದು ನ್ಯಾಯಾಲಯದ ಮೆಟ್ಟಿಲು ಹತ್ತಲಾರದು, ಅವನ ಮನಸ್ಸಿನ ಮೆಟ್ಟಿಲು ಹತ್ತುತ್ತದೆ.

ಅದೇ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳ ನಡುವೆ ‘ವಿರುದ್ಧರಾಜ್ಯಾತಿಕ್ರಮ’ ಎಂಬ ಮಾತು ಬರುತ್ತದೆ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು ಎಂದು ಅದರ ಸ್ಥೂಲಾರ್ಥ. ಸುಳ್ಳು ತೂಕ, ಕಲಬೆರಕೆ, ಕದ್ದ ಮಾಲಿನ ಖರೀದಿಗಳೊಡನೆ ಇದನ್ನೂ ಆಚಾರ್ಯರು ಕಳ್ಳತನದ ಸಾಲಿನಲ್ಲಿ ಕೂರಿಸಿದ್ದಾರೆ. ಅಂದಮೇಲೆ ‘ನಮ್ಮದು ಧರ್ಮ, ನಿಮ್ಮದು ಕಾನೂನು’ ಎಂದು ಶ್ರಾವಕನು ರಾಜ್ಯದತ್ತ ಬೆನ್ನು ತಿರುಗಿಸುವಂತಿಲ್ಲ. ಕಾನೂನು ಅವನ ನಡತೆಯ ಕೆಳಗಿನ ಅಂಚು, ಅದಕ್ಕಿಂತ ಕೆಳಗಿಳಿಯಬಾರದು. ಆದರೆ ಅಲ್ಲಿಯೇ ನಿಂತವನು ಇನ್ನೂ ವ್ರತವನ್ನು ಆರಂಭಿಸಿಲ್ಲ.

ನಾಳಿನ ನಿಷೇಧಗಳು ಎಲ್ಲಿಂದ ಬರಬಹುದೆಂಬುದಕ್ಕೆ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಸ್ಪಷ್ಟ ಸುಳಿವು ಕೊಡುತ್ತದೆ. ಪ್ರಯೋಜನವಿಲ್ಲದ ಪಾಪಗಳಿಂದ ದೂರವಾಗುವುದೇ ಅನರ್ಥದಂಡವ್ರತ. ಅದರ ಒಂದು ಭೇದ ಪ್ರಮಾದಚರ್ಯೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು, ಸುಮ್ಮನೆ ಅಲೆಯುವುದು. ಇಂದಿನ ಪರಿಸರ ಕಾನೂನುಗಳ ಪರಿವಿಡಿಯಂತೆ ಕಾಣುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದು, ಕೈತೋಟಕ್ಕೆ ಬಿಡುವುದು, ಕಾರಂಜಿ ಚಿಮ್ಮಿಸುವುದು, ಕಟ್ಟಡ ಕಟ್ಟುವುದು ಇವೆಲ್ಲವನ್ನೂ ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಮಾಡಿತು. ಮಹಾನಗರ ಬೆಚ್ಚಿತು. ಅಂಗಳಕ್ಕೆ ಕೊಳವೆ ಹಿಡಿದು ನೀರು ಬಿಡುವುದು ಅಪರಾಧವೇ ಎಂದು ಜನ ಕೇಳಿದರು. ನೀರನ್ನೇ ದೇಹವಾಗಿ ಹೊತ್ತ ಜಲಕಾಯಿಕ ಜೀವಗಳುಂಟೆಂದು ನಂಬಿದ ಮನೆಯಲ್ಲಿ ಈ ಪ್ರಶ್ನೆ ಏಳಬಾರದಿತ್ತು. ಅಲ್ಲಿ ಅಜ್ಜಿಯರು ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುತ್ತಿದ್ದರು. ನಲ್ಲಿ ಬಂದ ಮೇಲೆ ಸೋಸುವ ಬಟ್ಟೆ ಉಳಿಯಿತು. ಅಳೆದು ಬಳಸುವ ಕೈ ಎಷ್ಟೋ ಮನೆಗಳಲ್ಲಿ ಮರೆಯಾಯಿತು.

ಇನ್ನೊಂದು ನಿಷೇಧ ಈಗಾಗಲೇ ದೂರದಲ್ಲಿ ಕಾಣಿಸಿಕೊಂಡಿದೆ, ಅದು ರಾತ್ರಿಯ ಬೆಳಕಿನದು. ಫ್ರಾನ್ಸ್ ದೇಶ 2013ರಿಂದ ಅಂಗಡಿಗಳ ಗಾಜಿನ ಕಪಾಟಿನ ದೀಪಗಳನ್ನು ನಡುರಾತ್ರಿಯ ನಂತರ ಒಂದು ಗಂಟೆಗೆ ಆರಿಸಬೇಕೆಂದು ವಿಧಿಸಿತು. ಜರ್ಮನಿಯಲ್ಲಿ ಸಂರಕ್ಷಿತ ಪ್ರದೇಶಗಳೊಳಗೇ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗೂ ಮಿಕ್ಕಿ ಇಳಿದಿದೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿನ ಸಂಸತ್ತು 2021ರಲ್ಲಿ ಕೀಟಗಳ ರಕ್ಷಣೆಗೆಂದೇ ಕಾಯಿದೆ ಮಾಡಿ, ಹೊರಾಂಗಣದ ದೀಪಗಳಿಗೂ ಮಿತಿ ಹಾಕಿತು. ದೀಪಕ್ಕೆ ಮುತ್ತುವ ಹುಳುಗಳು ಅನ್ನಕ್ಕೆ ಬಿದ್ದು ಸಾಯುತ್ತವೆಂಬುದು ರಾತ್ರಿಭೋಜನ ತ್ಯಾಗಕ್ಕೆ ನಮ್ಮ ಹಿರಿಯರು ಕೊಟ್ಟ ಮೊದಲ ಕಾರಣಗಳಲ್ಲೊಂದು. ವಿದ್ಯುದ್ದೀಪ ಬಂದ ಮೇಲೆ ‘ಈಗ ಹುಳು ಕಾಣುತ್ತದಲ್ಲ, ತೆಗೆದು ಉಣ್ಣಬಹುದು’ ಎಂದು ವಾದಿಸಿದವರುಂಟು. ತಟ್ಟೆಯಲ್ಲಿ ಹುಳು ಕಂಡೀತು, ಆದರೆ ಆ ದೀಪದ ಸುತ್ತ ಬೆಳಗಿನವರೆಗೆ ಸುತ್ತಿ ಸತ್ತವುಗಳ ಲೆಕ್ಕ ಯಾರ ಪಾಲಿಗೆ? ಹೊತ್ತು ಮುಳುಗುವ ಮುಂಚೆ ಉಂಡು, ರಾತ್ರಿಯಿಡೀ ಕಟ್ಟಡದ ಮೇಲೆ ಸಾವಿರ ದೀಪ ಉರಿಸುವ ಕಲ್ಯಾಣಮಂಟಪಗಳನ್ನು ಕಾಣುವಾಗ ವ್ರತದ ಅಕ್ಷರ ಉಳಿದು ಅರ್ಥ ಸೋರಿಹೋದಂತೆ ತೋರುತ್ತದೆ. ನಮ್ಮ ಉತ್ಸವಗಳೂ ಇದಕ್ಕೆ ಹೊರತಲ್ಲ.

ಪಟಾಕಿಯ ಮಾತೂ ಇಂಥದೇ. ದೀಪಾವಳಿಯ ರಾತ್ರಿ ಎರಡು ಗಂಟೆಯ ಕಾಲ ಮಾತ್ರ, ಅದೂ ಹಸಿರು ಪಟಾಕಿ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಆದೇಶಿಸಿತು. ದೀಪಾವಳಿ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನ. ಆ ಪರ್ವದಲ್ಲಿ ಹಕ್ಕಿಗಳ ಗೂಡು ನಡುಗಿಸಬಾರದೆಂದು ತಿಳಿಯಲು ಶ್ರಾವಕನಿಗೆ ನ್ಯಾಯಾಲಯದ ಗಡಿಯಾರ ಬೇಕಾಯಿತೇ?

ಒಳ್ಳೆಯದೆಲ್ಲ ಕಾನೂನಾಗಿಬಿಟ್ಟರೆ ವ್ರತದ ಹೊರೆ ಇಳಿಯಿತಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಇತಿಹಾಸ ಹಾಗೆ ಹೇಳುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಗುಜರಾತನ್ನಾಳಿದ ಚಾಲುಕ್ಯ ಕುಮಾರಪಾಲನು ಆಚಾರ್ಯ ಹೇಮಚಂದ್ರರ ಪ್ರಭಾವದಿಂದ ಅಮಾರಿ ಘೋಷಣೆ ಮಾಡಿಸಿದನು, ರಾಜ್ಯದಲ್ಲಿ ಪ್ರಾಣಿವಧೆ ನಿಲ್ಲಿಸಿದನು. ಹೇನೊಂದನ್ನು ಹೊಸಕಿ ಕೊಂದ ವರ್ತಕನ ಸೊತ್ತನ್ನು ಮುಟ್ಟುಗೋಲು ಹಾಕಿ, ಆ ಹಣದಲ್ಲಿ ‘ಯೂಕಾವಿಹಾರ’ವೆಂಬ ಜಿನಾಲಯವನ್ನೇ ಕಟ್ಟಿಸಿದನೆಂದು ಮೇರುತುಂಗನ ಪ್ರಬಂಧಚಿಂತಾಮಣಿ ಹೇಳುತ್ತದೆ. ಹೇನಿಗೂ ಕಾನೂನು! ಆದರೆ ಕುಮಾರಪಾಲನ ಅನಂತರ ಪಟ್ಟವೇರಿದ ಅಜಯಪಾಲನು ಜಿನಮಂದಿರಗಳಿಗೇ ಪ್ರತಿಕೂಲನಾದನೆಂದು ಪ್ರಬಂಧಕಾರರು ಮರುಗುತ್ತಾರೆ. ರಾಜ ಬದಲಾದ, ಶಾಸನ ಬದಲಾಯಿತು. ನಮ್ಮ ಕಾಲದಲ್ಲಿ ನ್ಯೂಜಿಲೆಂಡ್ ದೇಶ 2009ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಎಂದೆಂದಿಗೂ ತಂಬಾಕು ಮಾರಕೂಡದೆಂದು 2022ರ ಡಿಸೆಂಬರಿನಲ್ಲಿ ಕಾನೂನು ಮಾಡಿತು. ಸರ್ಕಾರ ಬದಲಾದೊಡನೆ 2024ರ ಫೆಬ್ರವರಿಯಲ್ಲಿ ಅದನ್ನು ರದ್ದುಮಾಡಿತು. ಮತದಿಂದ ಬಂದ ನಿಷೇಧ ಮತದಿಂದ ಹೋಗುತ್ತದೆ. ‘ಬಿಟ್ಟೆ’ ಎಂದು ಗುರುಸಾಕ್ಷಿಯಾಗಿ ನುಡಿದವನ ತಂಬಾಕನ್ನು ಯಾವ ಸಂಸತ್ತೂ ಮರಳಿ ಅವನ ಬಾಯಿಗಿಡಲಾರದು.

ಕಾನೂನು ವ್ರತದ ಮೇಲೆಯೇ ಕೈಯಿಟ್ಟ ಸಂದರ್ಭವೂ ಉಂಟು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ಅಪರಾಧವೆಂದು ಸಾರಿತು. ದೇಶದ ಊರೂರುಗಳಲ್ಲಿ ಜೈನರು ಮೌನವಾಗಿ ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನಕ್ಕೂ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಹೇಳಿದ್ದಾರೆ. ಅವುಗಳಲ್ಲಿ ಬದುಕಿನ ಆಸೆಯಂತೆ ಸಾವಿನ ಆಸೆಯೂ ಒಂದು. ಬೇಗ ಸತ್ತರೆ ಸಾಕೆಂಬ ಬಯಕೆ ಮೊಳೆತೊಡನೆ ವ್ರತ ಕಳಂಕಿತವಾಯಿತು. ಆತ್ಮಹತ್ಯೆಯಿಂದ ಅದನ್ನು ಬೇರ್ಪಡಿಸುವ ಗೆರೆ ಸೂತ್ರದೊಳಗೇ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳು ಸಾರುವುದು ಈ ನಿರಪೇಕ್ಷೆಯನ್ನು. ಅಲ್ಲಿನ ಕೂಗೆ ಬ್ರಹ್ಮದೇವರ ಕಂಬದ ಶಾಸನದಲ್ಲಿ ಗಂಗರ ದೊರೆ ಮಾರಸಿಂಹನ ಕಥೆಯಿದೆ. ಹತ್ತನೆಯ ಶತಮಾನದ ಆ ವೀರನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡನು.

ಆ ಬಂಕಾಪುರ ಈಗ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿನ ಹಾಳು ಕೋಟೆಯ ಕಂದಕ ಪೊದೆಗಳಲ್ಲಿ ಇಂದು ನೆಲೆಸಿರುವುದು ನವಿಲುಗಳು. ನವಿಲುಧಾಮವೆಂದೇ ಆ ಸ್ಥಳಕ್ಕೆ ಹೆಸರು. ನವಿಲಿನ ಮಾತು ಬಂದರೆ ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯ ಮಾತು ಬರಲೇಬೇಕು. ನಾಳಿನ ಕಾನೂನು ಜೈನರ ಮನೆಬಾಗಿಲಿಗೆ ಬರುವುದಾದರೆ ಮೊದಲು ಬರುವುದು ಬಹುಶಃ ಅದರ ಹೆಸರು ಹಿಡಿದೇ.

ಮುನಿಗೆ ಪಿಂಛಿ ಅಲಂಕಾರವಲ್ಲ, ಉಪಕರಣ. ಕೂರುವ ಮುನ್ನ, ಮಲಗುವ ಮುನ್ನ, ಕಮಂಡಲುವನ್ನು ಎತ್ತಿ ಇಡುವ ಮುನ್ನ, ಕಣ್ಣಿಗೆ ಕಾಣುವ ಕಾಣದ ಜೀವಗಳನ್ನು ನೋಯಿಸದಂತೆ ಸರಿಸಲು ಅದು ಬೇಕು. ಆದಾನನಿಕ್ಷೇಪಣ ಸಮಿತಿ ಅದಿಲ್ಲದೆ ನಡೆಯದು. ಧೂಳು ಹಿಡಿಯದಿರುವುದು, ಬೆವರು ಹೀರದಿರುವುದು, ಮೃದುತ್ವ, ಸುಕುಮಾರತೆ, ಹಗುರತೆ ಎಂಬ ಐದು ಗುಣಗಳಿಗಾಗಿ ನವಿಲುಗರಿಯನ್ನು ವಟ್ಟಕೇರರ ಮೂಲಾಚಾರ ಮೆಚ್ಚುತ್ತದೆ. ನವಿಲು ಪ್ರತಿ ವರ್ಷ ಮಳೆಗಾಲದ ಕೊನೆಗೆ ತಾನಾಗಿಯೇ ಗರಿ ಉದುರಿಸುತ್ತದೆ. ಉದುರಿದ ಗರಿ ಮಾತ್ರ ಪಿಂಛಿಗೆ ಯೋಗ್ಯ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನವಿಲನ್ನು ಮೊದಲನೆಯ ಅನುಸೂಚಿಯಲ್ಲಿಟ್ಟು ಪೂರ್ಣ ರಕ್ಷಣೆ ಕೊಟ್ಟಿತು. ಆದರೆ ಅದರ ಬಾಲದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು, ಮಾರಲು ವಿನಾಯಿತಿಯನ್ನೂ ಕೊಟ್ಟಿತು. ಉದುರಿದ ಗರಿಯಿಂದ ಯಾರಿಗೂ ನೋವಿಲ್ಲವೆಂಬುದೇ ವಿನಾಯಿತಿಗೆ ಆಧಾರ. ಈಗ ಗರಿಯ ಬೀಸಣಿಗೆ, ಹಾರ, ಮನೆಯ ಅಲಂಕಾರ ಎಂದು ಬೇಡಿಕೆ ಬೆಳೆದಿದೆ. ನವಿಲನ್ನು ವಿಷವಿಟ್ಟು ಕೊಂದು ಗರಿ ಕೀಳುವವರಿದ್ದಾರೆ. ಕಿತ್ತ ಗರಿಯ ಬುಡದಲ್ಲಿ ರಕ್ತದ ಕುರುಹು ಉಳಿಯಬಹುದು. ಬುಡ ಕತ್ತರಿಸಿಬಿಟ್ಟರೆ ಅದೂ ಹೋಯಿತು. ಹೀಗಾಗಿ ವಿನಾಯಿತಿಯನ್ನೇ ತೆಗೆಯಬೇಕೆಂಬ ಮಾತು ಆಗಾಗ ಏಳುತ್ತದೆ, ಎದ್ದಾಗಲೆಲ್ಲ ಜೈನಸಮಾಜ ಆತಂಕಗೊಳ್ಳುತ್ತದೆ. ಆತಂಕ ಸಹಜವೇ. ಆದರೆ ಕಾನೂನು ಏನು ಮಾಡೀತೆಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಸಂತೆಯಲ್ಲಿ ಕೊಂಡ ಗರಿಯ ಕಟ್ಟು ಬಂದದ್ದು ಹೊಲದ ಬದುವಿನಿಂದಲೋ, ಬೇಟೆಯವನ ಚೀಲದಿಂದಲೋ? ಕೊಂದು ತಂದ ಒಂದು ಗರಿ ಸೇರಿದ್ದರೂ, ಇರುವೆಯನ್ನು ಕಾಯಲು ಹಿಡಿದ ಪಿಂಛಿಯಲ್ಲಿ ನವಿಲಿನ ಪ್ರಾಣ ಸಿಕ್ಕಿಕೊಂಡಿರುತ್ತದೆ. ಕೊಡುವ ಶ್ರಾವಕ ಇದನ್ನು ವಿಚಾರಿಸದಿದ್ದರೆ ಅದೇ ಪ್ರಮಾದ. ಹಿಂಸೆಯನ್ನು ಕುಂದಕುಂದರು ಅಳೆಯುವುದು ಸತ್ತ ಜೀವಿಗಳ ಎಣಿಕೆಯಿಂದಲ್ಲ, ನಡೆಯುವವನ ಎಚ್ಚರದಿಂದ.

ಹಾಗೊಮ್ಮೆ ನವಿಲುಗರಿ ನಿಷಿದ್ಧವಾದರೆ ಮುನಿಧರ್ಮ ನಿಂತುಹೋಗುವುದೇ? ಉತ್ತರವನ್ನು ಉಮಾಸ್ವಾಮಿಗಳ ಇನ್ನೊಂದು ಹೆಸರೇ ಹೇಳುತ್ತದೆ. ಶ್ರವಣಬೆಳಗೊಳದ ಶಾಸನಗಳು ಅವರನ್ನು ಗೃಧ್ರಪಿಂಛಾಚಾರ್ಯರೆಂದು ಕರೆಯುತ್ತವೆ. ಪ್ರಯಾಣದಲ್ಲಿ ಮಯೂರಪಿಂಛಿ ಕಳೆದುಹೋಗಲು, ದಾರಿಯಲ್ಲಿ ಸಿಕ್ಕ ಹದ್ದಿನ ಗರಿಗಳನ್ನೇ ಪಿಂಛಿಯಾಗಿ ಹಿಡಿದರೆಂದು ಪರಂಪರೆಯ ಕಥೆ. ಅವರ ಶಿಷ್ಯರ ಹೆಸರು ಬಲಾಕಪಿಂಛರು. ಆ ಹೆಸರಿನಲ್ಲಿರುವುದು ಬಕಪಕ್ಷಿಯ ಗರಿ. ಕಾಷ್ಠಾಸಂಘದವರು ಹಸುವಿನ ಬಾಲದ ಕೂದಲನ್ನು ಬಳಸಿದರು, ಶ್ವೇತಾಂಬರ ಮುನಿಗಳ ರಜೋಹರಣ ಉಣ್ಣೆಯದು. ಮಾಥುರಸಂಘದವರು ಪಿಂಛಿಯನ್ನೇ ಬಿಟ್ಟರು. ಕಾಷ್ಠಾಸಂಘದ ಬದಲಾವಣೆಯನ್ನಾಗಲಿ ಇದನ್ನಾಗಲಿ ದೇವಸೇನರ ದರ್ಶನಸಾರ ಒಪ್ಪಲಿಲ್ಲ. ಆಕ್ಷೇಪಗಳ ನಡುವೆಯೂ ಉಪಕರಣ ಯಾವುದೆಂಬುದರಲ್ಲಿ ಬದಲಾವಣೆ ನಡೆದಿದೆ.

ಗೃಧ್ರವೆಂದರೆ ರಣಹದ್ದು. ಆಚಾರ್ಯರ ಹೆಸರಿನಲ್ಲಿರುವ ಆ ಹಕ್ಕಿ ಇಂದು ರಾಮನಗರದ ಬೆಟ್ಟದಂತಹ ಕೆಲವೇ ನೆಲೆಗಳಲ್ಲಿ ಉಳಿದಿದೆ. ಅದನ್ನು ಅಳಿವಿನಂಚಿಗೆ ತಂದದ್ದು ಬಂದೂಕಲ್ಲ, ಔಷಧ. ಬಾವು ನೋವಿನಿಂದ ನರಳುವ ದನಕ್ಕೆ ರೈತರು ಕರುಣೆಯಿಂದಲೇ ಡೈಕ್ಲೋಫೆನಾಕ್ ಚುಚ್ಚಿಸುತ್ತಿದ್ದರು. ದನ ಸತ್ತರೆ ಕಳೇಬರ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. ಹದಿನೈದು ವರ್ಷದೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಇಲ್ಲವಾದವು. ಕಾರಣ ಹೊರಬಿದ್ದದ್ದು 2004ರಲ್ಲಿ. ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ಅದೇ ಬಗೆಯ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳ ಸರದಿ ಬಂದದ್ದು 2023ರಲ್ಲಿ. ಅರಿಯದೆ ಮಾಡಿದ ರೈತನನ್ನು ಯಾರೂ ಹಿಂಸಕನೆನ್ನಲಾರರು. ಅರಿತ ಮೇಲೂ ಕಪಾಟಿನಲ್ಲಿ ಉಳಿದ ಸೀಸೆ ಖಾಲಿಯಾಗಲೆಂದು ಕಾದವನ ಮಾತು ಬೇರೆ.

ಚಾತುರ್ಮಾಸ ಮುಗಿದ ಮೇಲೆ ಪಿಂಛಿ ಪರಿವರ್ತನೆಯ ಸಮಾರಂಭಗಳು ನಡೆಯುತ್ತವೆ. ಮುನಿಗಳು ಹಿಡಿದು ಸವೆಸಿದ ಹಳೆಯ ಪಿಂಛಿಯನ್ನು ಪಡೆಯುವ ಗೃಹಸ್ಥರು ಬ್ರಹ್ಮಚರ್ಯವೇ ಮೊದಲಾದ ನಿಯಮಗಳನ್ನು ಸ್ವೀಕರಿಸುತ್ತಾರೆ. ಹೊಸ ಪಿಂಛಿಗೆ ಗರಿ ಒದಗಿಸುವವರೂ ಒಂದು ನಿಯಮ ತೆಗೆದುಕೊಳ್ಳಬಹುದು. ಕೊಂಡ ಗರಿ ತರುವುದಿಲ್ಲ, ಆಯ್ದ ಗರಿ ತರುತ್ತೇವೆ ಎಂದು. ಭಾದ್ರಪದ ಆಶ್ವಯುಜಗಳಲ್ಲಿ ನವಿಲು ಮೇಯುವ ಊರುಗಳ ಬದುಗಳ ಮೇಲೆ, ಹುಣಸೆ ತೋಪುಗಳ ಕೆಳಗೆ ಗರಿಗಳು ಬಿದ್ದಿರುತ್ತವೆ. ಶಾಲೆಗೆ ಹೋಗುವ ಮಕ್ಕಳು ಈಗಲೂ ಅವನ್ನು ಆಯ್ದು ಪುಸ್ತಕದ ಹಾಳೆಗಳ ನಡುವೆ ಇಡುತ್ತಾರೆ.